ಕಾಲವೂ ಕಾವಲೂ

ಹಳೆಯದೆಲ್ಲವೂ ಹಿರಿದೆಂಬುದು ಲೋಕದ ರೂಢಿ. ಆ ಹಿರಿಮೆ ಕಾಲದಿಂದ ಬಂದುದೋ, ಕಾಯ್ದವರ ಎಚ್ಚರದಿಂದ ಬಂದುದೋ?

ಸ್ಪೇನ್ ದೇಶದ ಉತ್ತರಭಾಗದಲ್ಲಿ, ಎಬ್ರೊ ನದಿಯ ಕಣಿವೆಯಲ್ಲಿ, ರಿಯೋಹಾ ಎಂಬ ದ್ರಾಕ್ಷಿಯ ಸೀಮೆಯುಂಟು. ಅಲ್ಲಿಯ ಮುಖ್ಯ ತಳಿ ಟೆಂಪ್ರಾನಿಯೊ. ‘ಬೇಗನೆ’ ಎಂಬರ್ಥದ ಪದದಿಂದ ಬಂದ ಹೆಸರದು. ಬೇಗನೆ ಹಣ್ಣಾಗುವ ಆ ಫಲದ ರಸವೇ ಬಹುಕಾಲ ಕಾಯಬೇಕಾಗಿದೆ. ‘ಗ್ರಾನ್ ರೆಸೆರ್ವಾ’ ಎನಿಸುವ ಕೆಂಪು ದ್ರಾಕ್ಷಾಮದ್ಯವು ಕನಿಷ್ಠ 5 ವರ್ಷ ಮಾಗಬೇಕು. ಅದರಲ್ಲಿ 2 ವರ್ಷವಾದರೂ ಓಕ್ ಮರದ ಪೀಪಾಯಿಯಲ್ಲಿರಬೇಕು. ಮರದ ಮೂಲಕ ತುಸುತುಸುವಾಗಿ ಸೇರುವ ಗಾಳಿಯು ಒಗರನ್ನು ಇಳಿಸುತ್ತದೆ. ಅದೇ ಗಾಳಿ ಮಿತಿಮೀರಿದರೆ ರಸವೆಲ್ಲ ಹುಳಿಯಾಗಿ ಕೆಡುತ್ತದೆ.

ಸುದ್ದಗುಂಟೆಪಾಳ್ಯದಂತಹ ಬಡಾವಣೆಗಳ ಮನೆಮನೆಗೂ ಪರಿಚಿತವಾದ ‘ಬೆಂಗಳೂರು ನೀಲಿ’ ದ್ರಾಕ್ಷಿಯ ಧರ್ಮವು ಬೇರೆ. ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆ ಬೆಳೆಯುವ ಈ ಹಣ್ಣಿನಿಂದಲೂ ಮದ್ಯವಾಗುವುದುಂಟು. ಆದರೆ ಬುಟ್ಟಿಯಲ್ಲಿರುವ ಗೊಂಚಲಿನ ಪರಿಮಳವೆಲ್ಲ ಅದರ ಹೊಸತನದಲ್ಲಿದೆ. ಅದನ್ನು ತಿನ್ನದೆ ಇರಿಸಿಕೊಳ್ಳುವುದು ತಾಳ್ಮೆಯಲ್ಲ, ಅಲಕ್ಷ್ಯ.

ಮನುಷ್ಯನ ನಡತೆಗೂ ಇದೇ ನ್ಯಾಯ. ಕೋಪದಲ್ಲಿ ಹುಟ್ಟಿದ ತೀರ್ಮಾನವು ಮಾಗಬೇಕಾದುದು. ತೀರಿಸಬೇಕಾದ ಋಣ, ಕೇಳಬೇಕಾದ ಕ್ಷಮೆ, ಹೇಳಬೇಕಾದ ಸಮಾಧಾನಗಳು ಅಂದಂದೇ ಸಲ್ಲಬೇಕಾದುವು. ಯಾವುದನ್ನು ಕಾಯ್ದಿರಿಸಬೇಕು, ಯಾವುದನ್ನು ಇಂದೇ ಹಂಚಬೇಕು ಎಂಬ ವಿವೇಕವಿಲ್ಲದವನಿಗೆ ಕಾಲವು ಏನನ್ನೂ ಮಾಗಿಸಿಕೊಡದು.