ಮೀನಿಲ್ಲದ ಕಡಲು

ಕಡಲಿನ ವಿಷಯದಲ್ಲಿ ದೊಡ್ಡಬಳ್ಳಾಪುರದ ಪಾಲಿಗೆ ಬಂದದ್ದು ಒಂದು ವಿಚಿತ್ರ ನ್ಯಾಯ. ಪಡುವಣಕ್ಕೆ ನೇರ ಗೆರೆ ಎಳೆದರೆ ಮಂಗಳೂರಿನ ತೀರ ಮುನ್ನೂರು ಕಿಲೋಮೀಟರಿನ ಹತ್ತಿರ. ಮೂಡಣಕ್ಕೆ ಎಳೆದರೆ ಚೆನ್ನೈ ತೀರವೂ ಹೆಚ್ಚುಕಡಿಮೆ ಅಷ್ಟೇ. ಎರಡು ಕಡಲೂ ಸಮನಾಗಿ ಕೈಬಿಟ್ಟ ಊರು. ಸಾಲದ್ದಕ್ಕೆ ಸುಮಾರು 880 ಮೀಟರ್ ಎತ್ತರ ಬೇರೆ. ಇಂಥ ಕಡೆ, ಪಕ್ಕದ ಪವರ್‌ಲೂಮುಗಳ ಸದ್ದಿಗೆ ಕಿಟಕಿ ಅದುರುವ ಹಜಾರದಲ್ಲಿ, ಕಡಲ ಮೀನು ಸಾಕಲೆಂದು ಇನ್ನೂರು ಲೀಟರಿನ ಗಾಜಿನ ತೊಟ್ಟಿಗೆ ಏಳು ಕೆಜಿ ಉಪ್ಪು ಸುರಿದು ಕೂತಿದ್ದೇನೆ. ಲೀಟರಿಗೆ 35 ಗ್ರಾಂ ಎಂಬುದು ಕಡಲಿನ ಲೆಕ್ಕ.

ಅಡುಗೆಮನೆಯ ಉಪ್ಪು ಇದಕ್ಕೆ ಬಾರದು. ಪ್ಯಾಕೆಟ್ಟಿನದ್ದರಲ್ಲಿ ಅಯೋಡೀನ್ ಇರುತ್ತದೆ, ಗಂಟು ಕಟ್ಟದಿರಲು ಬೆರೆಸಿದ ಪುಡಿ ಇರುತ್ತದೆ. ಹೋಗಲಿ, ಗೋಕರ್ಣದ ಬಳಿಯ ಸಾಣಿಕಟ್ಟಾದಿಂದ ಹರಳುಪ್ಪನ್ನೇ ತರಿಸೋಣವೆಂದರೆ ಅದೂ ಆಗದು. ಆಗರದಲ್ಲಿ ಉಪ್ಪು ಹರಳುಗಟ್ಟುವಾಗ ಮೆಗ್ನೀಸಿಯಂ ಬಹುಪಾಲು ಕಹಿನೀರಿನಲ್ಲೇ ಉಳಿದು ಆಚೆ ಹೋಗಿರುತ್ತದೆ. ಊಟಕ್ಕೆ ಒಳ್ಳೆಯದೇ, ಕಡಲಿನ ಜೀವಕ್ಕೆ ಮಾತ್ರ ಅರೆಬರೆ ಕಡಲು. ಹಾಗಾಗಿ ಎಲ್ಲವೂ ಕಡಲಿನ ಪ್ರಮಾಣದಲ್ಲೇ ಬೆರೆತ ಡಬ್ಬದ ಸಾಲ್ಟ್ ಮಿಕ್ಸ್, ಜೊತೆಗೆ ಆರ್‌ಒ ನೀರು. ನಮ್ಮ ಬೋರ್‌ವೆಲ್ ನೀರನ್ನು ನೇರವಾಗಿ ಸುರಿಯುವಂತಿಲ್ಲ. ಅದರಲ್ಲಿ ಬಂಡೆಯ ಋಣ ಜಾಸ್ತಿ.

ಹಾಗೆ ನೋಡಿದರೆ ಕಡಲಿಗೂ ಬಂಡೆಯ ಋಣವಿದೆ. ಕ್ಲೋರೈಡ್ ಬಹುತೇಕ ಭೂಮಿಯ ಹೊಟ್ಟೆಯಿಂದ ಉಗುಳಿ ಬಂದದ್ದು. ಸೋಡಿಯಂ ಮಾತ್ರ ಮಳೆ ಕಲ್ಲನ್ನು ನೆಕ್ಕಿ ನೆಕ್ಕಿ ಹೊಳೆಗೆ ಒಪ್ಪಿಸಿದ್ದು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ಕಾವೇರಿಯ ಕೈಹಿಡಿದು, ಪಿನಾಕಿನಿಯರಿಬ್ಬರು ತಂತಮ್ಮ ದಾರಿ ಹಿಡಿದು, ನಮ್ಮ ಬಂಡೆಯನ್ನು ಚೂರುಚೂರೇ ಬಂಗಾಳ ಕೊಲ್ಲಿಗೆ ಹೊತ್ತೊಯ್ದಿದ್ದಾರೆ. ಈಚೆಗೆ ಅರ್ಕಾವತಿಯಲ್ಲಿ ಹೊರಲು ನೀರೇ ಇಲ್ಲ, ಆ ಮಾತು ಬೇರೆ.

ಇನ್ನು ತೊಟ್ಟಿಗೆ ಬೇಕಾದ ಕಲ್ಲು. ಹೊರದೇಶದ ಹವ್ಯಾಸಿಗಳು ಕಡಲಿಂದಲೇ ಎತ್ತಿದ, ಜೀವ ಹತ್ತಿದ ಹವಳದ ಕಲ್ಲನ್ನು ತಂದಿಡುತ್ತಿದ್ದರು. ನಮ್ಮಲ್ಲಿ 2001ರಲ್ಲಿ ಗಟ್ಟಿ ಹವಳಗಳನ್ನೆಲ್ಲ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ, ಹುಲಿಯ ಸಾಲಿಗೆ, ಸೇರಿಸಲಾಯಿತು. ಸರಿಯಾದ ಕೆಲಸ. ಮುರುಡೇಶ್ವರದಾಚೆಯ ನೇತ್ರಾಣಿಯ ಹವಳ ಅಲ್ಲಿಯೇ ಇರಲಿ. ನಮಗೆ ಕಾರ್ಖಾನೆಯಲ್ಲಿ ಮಾಡಿದ ಒಣ ಕಲ್ಲೇ ಗತಿ, ಮತ್ತು ಅದರಲ್ಲಿ ಜೀವ ಹತ್ತುವವರೆಗೆ ಕಾಯುವ ಕೆಲಸ.

ಈ ಕಾಯುವಿಕೆಗೆ ಹವ್ಯಾಸಿಗಳ ಬಾಯಲ್ಲಿ ‘ಸೈಕ್ಲಿಂಗ್’ ಎಂದು ಹೆಸರು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ಮೀನಿಗೇ ವಿಷ. ಅದನ್ನು ಒಂದು ಬಗೆಯ ಸೂಕ್ಷ್ಮಜೀವಿ ನೈಟ್ರೈಟ್ ಮಾಡಬೇಕು, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡಬೇಕು. ಅದು ಅಷ್ಟೇನೂ ಕೆಡುಕಲ್ಲ. ಈ ಎರಡು ದಂಡೂ ಬಂದು ಬೀಡುಬಿಡುವ ತನಕ ಮೀನು ಬಿಡುವಂತಿಲ್ಲ. ಅವು ಬರಬೇಕಾದರೆ ಉಣ್ಣಲು ಏನಾದರೂ ಬೇಕಲ್ಲ, ಅದಕ್ಕೆ ನಾವೇ ಒಂದು ಚಿಟಿಕೆ ಅಮೋನಿಯಂ ಕ್ಲೋರೈಡ್ ಹಾಕುತ್ತೇವೆ. ಹಿಂದೆ ಬೀದಿಯಲ್ಲಿ ಕೂತು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು ಕಾದ ಪಾತ್ರೆಗೆ ಉದುರಿಸಿ ಬಿಳಿ ಹೊಗೆಯೆಬ್ಬಿಸುತ್ತಿದ್ದ ನವಸಾಗರವೂ ಇದೇ. ಇಲ್ಲದ ಮೀನಿನ ಹೆಸರಲ್ಲಿ ನವಸಾಗರದ ನೈವೇದ್ಯ.

ಆಮೇಲೆ ಪರೀಕ್ಷೆ. ಸಣ್ಣ ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು, ಅದಕ್ಕೆ ಲೆಕ್ಕದ ಹನಿಗಳು, ಮುಚ್ಚಳ ಹಾಕಿ ಅಲ್ಲಾಡಿಸಿ ಬಿಳಿ ಕಾಗದದ ಮುಂದೆ ಹಿಡಿದು ಐದು ನಿಮಿಷ ನೋಡುವುದು. ಅಮೋನಿಯಾ ಇದ್ದರೆ ಹಳದಿ ಹಸಿರಾಗುತ್ತದೆ. ಹಸಿರು ಎಂದರೆ ಎಂಥದು? ಮೊದಲು ನಿಂಬೆ ಕಾಯಿಯ ಬಣ್ಣ, ಆಮೇಲೆ ನಿಧಾನವಾಗಿ ಗಾಢವಾಗುವ ಗಿಳಿಹಸಿರು. ನಾಳೆ ನೋಡಿದರೂ ಅದೇ. ವಾರ ಬಿಟ್ಟು ನೋಡಿದರೂ ಅದೇ.

ಪಕ್ಕದ ಮನೆಯಾಕೆ ಇಣುಕಿದರು. “ಮೀನೆಲ್ಲಿ?” ಎಂದರು. ಇನ್ನೂ ಬಿಟ್ಟಿಲ್ಲ, ಮೊದಲು ಕಣ್ಣಿಗೆ ಕಾಣದ್ದು ಬರಬೇಕು ಎಂದೆ. “ಹಂಗಾರೆ ಎಲ್ಲಿಂದಾದ್ರೂ ಹೆಪ್ಪು ತಂದು ಹಾಕ್ಬಾರ್ದಾ?” ಎಂದುಬಿಟ್ಟರು. ನಡೆಯುತ್ತಿರುವ ತೊಟ್ಟಿಯಿಂದ ಒಂದು ಹಿಡಿ ಮರಳು ತಂದು ಹಾಕಿ ಎಂದು ಹವ್ಯಾಸದ ಪುಸ್ತಕಗಳು ಪುಟಗಟ್ಟಲೆ ಹೇಳುವುದು ಇದನ್ನೇ. ಆದರೆ ಹೆಪ್ಪು ರಾತ್ರಿ ಬೆಳಗಾಗುವುದರಲ್ಲಿ ಕೆಲಸ ಮುಗಿಸುತ್ತದೆ. ನಮ್ಮ ಕರುಳಿನ ಇ. ಕೋಲಿ ಒಳ್ಳೆಯ ಊಟ ಸಿಕ್ಕರೆ ಇಪ್ಪತ್ತು ನಿಮಿಷಕ್ಕೆ ಇಬ್ಬಾಗವಾಗುತ್ತದೆ; ಅಮೋನಿಯಾ ಉಣ್ಣುವ ಈ ಜೀವಿಗಳಿಗೆ ಅದಕ್ಕೇ ಎಷ್ಟೋ ಗಂಟೆಗಳು, ಕೆಲವಕ್ಕೆ ದಿನವೇ ಬೇಕು. ಅಮೋನಿಯಾದಿಂದ ಸಿಗುವ ಕಸುವು ಅಷ್ಟು ಕಮ್ಮಿ. ತಿಂಗಳು, ಒಂದೂವರೆ ತಿಂಗಳು ಕಾಯಬೇಕಾಗುವುದು ಅದಕ್ಕೇ.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬಿಬ್ಬರು ಹೀಗೇ ಕಾದರು. ಉದ್ದನೆಯ ಗಾಜಿನ ಕೊಳವೆಯಲ್ಲಿ ಮರಳು, ಸುಣ್ಣಕಲ್ಲಿನ ಪುಡಿ ತುಂಬಿ ಮೇಲಿಂದ ಚರಂಡಿ ನೀರು ಬಿಟ್ಟರು. ಅಮೋನಿಯಾ ಹಾಕಿದ್ದು ಹಾಕಿದಂತೆಯೇ ಕೆಳಗೆ ಬಂತು. ಇಪ್ಪತ್ತು ದಿನ ಹೀಗೇ. ಬಳಿಕ ಇದ್ದಕ್ಕಿದ್ದಂತೆ ನೈಟ್ರೇಟ್ ಕಾಣಿಸಿಕೊಂಡು ಅಮೋನಿಯಾ ಇಲ್ಲವಾಯಿತು. ಇದು ಬರೀ ರಸಾಯನದ ಆಟವಾಗಿದ್ದರೆ ಮೊದಲ ದಿನವೇ ಆಗಬೇಕಿತ್ತಲ್ಲ! ಅನುಮಾನ ಬಂದು ಕೊಳವೆಗೆ ಕ್ಲೋರೋಫಾರ್ಮ್ ಹಬೆ ಹಾಯಿಸಿದರು. ಕೆಲಸ ನಿಂತಿತು. ಚೂರು ತೋಟದ ಮಣ್ಣು ಕದಡಿದ ನೀರು ಬಿಟ್ಟರು. ಮತ್ತೆ ಶುರುವಾಯಿತು. ಮಣ್ಣಿನಲ್ಲಿ ಉಸಿರಾಡುವವರು ಇದ್ದಾರೆಂದು ಗೊತ್ತಾದದ್ದು ಹಾಗೆ, ಯಾರನ್ನೂ ಕಣ್ಣಾರೆ ಕಾಣದೆ. ನನಗೆ ಆ ಕ್ಲೋರೋಫಾರ್ಮಿಗಿಂತ ಆ ಇಪ್ಪತ್ತು ದಿನ ದೊಡ್ಡದಾಗಿ ಕಾಣುತ್ತದೆ. ಹತ್ತೊಂಬತ್ತನೆಯ ದಿನ ಕೊಳವೆ ಬಿಚ್ಚಿ ತೊಳೆದಿಟ್ಟಿದ್ದರೆ?

ಅವರಿಗೆ ತೋಟದ ಮಣ್ಣು; ನಮ್ಮ ಸೀಮೆಯಲ್ಲಿ ದನದ ಕೊಟ್ಟಿಗೆಯ ಮಣ್ಣು. ಹಳೆಯ ಹಳ್ಳಿಗಳ ದಿಬ್ಬದಲ್ಲಿ, ಗಂಜಲ ಇಂಗಿದ ಗೋಡೆಬುಡದಲ್ಲಿ ಬಿಳಿಯ ಹೂ ಅರಳಿದಂತೆ ಉಪ್ಪು ಉಕ್ಕುತ್ತಿತ್ತು. ಆ ಮಣ್ಣನ್ನು ಕೆರೆದು, ನೀರಿನಲ್ಲಿ ಸೋಸಿ, ಬೂದಿ ಬೆರೆಸಿ ಕುದಿಸಿದರೆ ಪೆಟ್ಲುಪ್ಪು. ಕೋವಿಮದ್ದಿನ ಮುಕ್ಕಾಲು ಪಾಲು ಅದೇ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಶ್ರೀರಂಗಪಟ್ಟಣದಿಂದ ಒಯ್ದು ಇಂಗ್ಲೆಂಡಿನಲ್ಲಿ ಬಿಚ್ಚಿ ನೋಡಿದರಂತೆ, ಅಲ್ಲಿನ ಕಾಂಗ್ರೀವ್ ಎಂಬಾತ ಅವನ್ನೇ ತಿದ್ದಿದನಂತೆ ಎಂದೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ರಾಕೆಟ್ಟುಗಳೊಳಗೆ ಉರಿದ ಉಪ್ಪನ್ನು ಕೊಟ್ಟಿಗೆಯ ನೆಲದಲ್ಲಿ ಅಮೋನಿಯಾದಿಂದ ಕಟ್ಟಿಕೊಟ್ಟವರು ಯಾರೆಂದು ಯಾವ ಪಾಠದಲ್ಲೂ ಇರಲಿಲ್ಲ. ನನ್ನ ತೊಟ್ಟಿಗೆ ಬರಬೇಕಾದವರೂ ಅವರ ಕಡೆಯವರೇ. ಉಪ್ಪುನೀರಿನ ಜಾತಿ ಬೇರೆ, ಕಸುಬು ಒಂದೇ.

ಸಾಗರದ ಕಸುಬುದಾರರಲ್ಲಿ ಅತಿ ದೊಡ್ಡ ಬಳಗ ಯಾವುದೆಂದು ಸಾಗರಕ್ಕೆ ಹೋದವರಿಗೇ ಬಹುಕಾಲ ತಿಳಿದಿರಲಿಲ್ಲ. ಬ್ಯಾಕ್ಟೀರಿಯಾಗಳಲ್ಲದ, ಆರ್ಕಿಯಾ ಎಂಬ ಬೇರೆಯೇ ಕುಲದ ಒಂದು ಜೀವಿ ಅಮೋನಿಯಾ ಉಂಡು ಬದುಕುತ್ತದೆಂದು 2005ರಲ್ಲಿ ಪ್ರಕಟವಾಯಿತು. ಅದರ ನಂಟರು ಆಳ ಕಡಲಿನ ಸೂಕ್ಷ್ಮಜೀವಿಗಳಲ್ಲಿ ಬಹುದೊಡ್ಡ ಪಾಲು. ಅದನ್ನು ಮೊದಲು ಹಿಡಿದು ಸಾಕಿದ್ದು ಹಡಗಿನಿಂದ ಬಲೆ ಇಳಿಬಿಟ್ಟಲ್ಲ. ಸಿಯಾಟಲ್ ಮತ್ಸ್ಯಾಲಯದ ಒಂದು ತೊಟ್ಟಿಯ ತಳದ ಜಲ್ಲಿಯಿಂದ. ಸಂದರ್ಶಕರು ಬಣ್ಣದ ಮೀನು ನೋಡಿ ಹೋಗುತ್ತಿದ್ದರು, ಕಡಲು ಆ ಮೀನಿನ ಕೆಳಗಿನ ಜಲ್ಲಿಯಲ್ಲಿ ಕೂತಿತ್ತು.

ನಮ್ಮ ಹಜಾರದಲ್ಲಿ ಹಸಿರು ತಿಳಿಯಾಗುತ್ತ ಬಂದ ದಿನಗಳಲ್ಲೇ ನೈಟ್ರೈಟಿನ ನಳಿಗೆ ತಿಳಿನೀಲಿಯಿಂದ ನೇರಳೆಗೆ ತಿರುಗಿತು. ಯಾರೋ ಬಂದಿದ್ದಾರೆ! ಅದೇ ಹೊತ್ತಿಗೆ ಬಿಳಿ ಮರಳಿನ ಮೇಲೆ ಕಂದು ಪದರವೊಂದು ಹಬ್ಬಿತು. ನೋಡಿದವರೆಲ್ಲ ಕೊಳೆ ಎಂದರು. ಅದು ಡಯಾಟಮ್, ಗಾಜಿನ ಚಿಪ್ಪಿನೊಳಗೆ ವಾಸಿಸುವ ಒಂಟಿಕೋಶದ ಪಾಚಿ. ಆ ಗಾಜಿಗೆ ಬೇಕಾದ ಸಿಲಿಕಾ ಬಂಡೆಯ ಸಂದಿಯ ನೀರಿನಲ್ಲಿ ಧಾರಾಳ. ಆರ್‌ಒ ಪೊರೆಯನ್ನೂ ದಾಟಿ ಒಂದಿಷ್ಟು ನುಸುಳುತ್ತದೆ. ನೆಲದಡಿಯ ಕಲ್ಲು ಇಲ್ಲಿ ಬೆರಳಿಗೆ ಜಾರುವ ಕಂದು ಲೋಳೆಯಾಗಿ ಉಸಿರಾಡುತ್ತಿತ್ತು. ತಾನಾಗಿ ಹೋಗುತ್ತದೆ, ಒರೆಸಬೇಕಿಲ್ಲ.

ನೇರಳೆಯೂ ಇಳಿದು, ನೈಟ್ರೇಟಿನ ನಳಿಗೆ ಕೆಂಪಗಾಗಿ, ಚಕ್ರ ಪೂರ್ತಿಯಾಯಿತು. ಮೀನು ತರುವವರು ಫೋನ್ ಮಾಡುತ್ತಿದ್ದಾರೆ; ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿಸಿಕೊಂಡು ಅದು ಇಳಿಯುವುದೂ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲೇ. ನನಗೇನೋ ಅವಸರವಿಲ್ಲ. ಅದಕ್ಕೆ ಮುಂಚೆ ನೈಟ್ರೇಟ್ ತಗ್ಗಿಸಲು ಅರ್ಧ ನೀರು ಬದಲಿಸಬೇಕು. ತೆಗೆದ ನೀರನ್ನು ಎಲ್ಲಿ ಚೆಲ್ಲುವುದೆಂದು ಯೋಚಿಸುತ್ತಿದ್ದಾಗ ಪಕ್ಕದ ಮನೆಯಾಕೆ, “ನಮ್ ತೆಂಗಿನ ಬುಡಕ್ಕೆ ಕೊಡಿ, ಹೆಂಗೂ ಉಪ್ಪು ಹಾಕ್ತೀವಲ್ಲ” ಎಂದರು. ಕ್ಲೋರೈಡೂ ಇದೆ, ನೈಟ್ರೇಟೂ ಇದೆ, ಬೇಡವೆನ್ನಲು ಕಾರಣ ಸಿಗಲಿಲ್ಲ. ಒಂದು ಬಕೆಟ್ ಮಾತ್ರ, ಅದೂ ನಾಲ್ಕು ಪಾಲು ಸಿಹಿನೀರು ಬೆರೆಸಿ ಎಂದು ಹೇಳಿ ಕೊಟ್ಟೆ.