ಅಳತೆ ನಿಜ, ಕಾರಣ?

ತಮ್ಮ ಪ್ರಯೋಗವನ್ನ ತಾವೇ ತಪ್ಪಾಗಿ ಅರ್ಥ ಮಾಡಿಕೊಂಡವರಿಗೆ ನೊಬೆಲ್ ಕೊಡಬಹುದಾ? ಕೊಟ್ಟಿದ್ದಾರೆ. ಕೊಟ್ಟಿದ್ದು ಸರಿ ಅಂತಲೇ ನನ್ನ ವಾದ.

1914ರಲ್ಲಿ ಬರ್ಲಿನ್‌ನಲ್ಲಿ ಜೇಮ್ಸ್ ಫ್ರಾಂಕ್ ಮತ್ತು ಗುಸ್ಟಾವ್ ಹರ್ಟ್ಸ್ ಪಾದರಸದ ಆವಿಯೊಳಗೆ ಎಲೆಕ್ಟ್ರಾನ್‌ಗಳನ್ನ ಓಡಿಸಿದರು. ಎಷ್ಟು ಜೋರಾಗಿ ಡಿಕ್ಕಿ ಹೊಡೆದರೆ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತು ಬರುತ್ತೆ ಅನ್ನೋದು ಅವರ ಪ್ರಶ್ನೆ. ಹೀಗೆ ಕಿತ್ತು ಬರೋದಕ್ಕೆ ಅಯಾನೀಕರಣ ಅಂತಾರೆ. ವೇಗ ಕಡಿಮೆ ಇದ್ದಾಗ ಎಲೆಕ್ಟ್ರಾನ್‌ಗಳು ಹೆಚ್ಚುಕಮ್ಮಿ ಶಕ್ತಿ ಕಳಕೊಳ್ಳದೆ ಪುಟಿದು ಹೋಗ್ತಿದ್ದವು. 4.9 ವೋಲ್ಟ್ ಮುಟ್ಟಿದ ಕೂಡಲೇ ಅವುಗಳ ಶಕ್ತಿ ಒಂದೇ ಏಟಿಗೆ ಪಾದರಸದ ಪಾಲಾಯಿತು. ಮೀಟರಿನಲ್ಲಿ, ಅಯಾನುಗಳು ಬಂದಾಗ ಕಾಣುವಂಥದ್ದೇ ಕರೆಂಟೂ ಕಾಣಿಸಿತು. ಪಾದರಸ ಅಯಾನು ಆಗೋದು 4.9 ವೋಲ್ಟ್‌ನಲ್ಲಿ ಅಂತ ಇಬ್ಬರೂ ಬರೆದರು.

1915ರಲ್ಲಿ ನೀಲ್ಸ್ ಬೋರ್ ಬೇರೆ ಮಾತು ಹೇಳಿದರು. ಪರಮಾಣುವಿನಿಂದ ಏನೂ ಕಿತ್ತು ಬಂದಿಲ್ಲ, ಏಟು ತಿಂದು ಅದು ಒಂದು ಮೆಟ್ಟಿಲು ಮೇಲೇರಿದೆ ಅಷ್ಟೆ. ಕೆಳಗಿಳಿಯುವಾಗ ಅದು ಚೆಲ್ಲೋ ನೇರಳಾತೀತ ಬೆಳಕು ಉಪಕರಣದ ಲೋಹದ ಮೇಲೆ ಬೀಳುತ್ತೆ, ಎಲೆಕ್ಟ್ರಾನ್‌ಗಳು ಹೊರಬಂದಿದ್ದು ಆ ಲೋಹದಿಂದ ಇರಬಹುದು ಅಂತ. 1917ರಲ್ಲಿ ಡೇವಿಸ್ ಮತ್ತು ಗೌಚರ್ ಅನ್ನೋರು ಎರಡು ಬಗೆಯ ಕರೆಂಟನ್ನೂ ಬೇರ್ಪಡಿಸಿ ನೋಡಿದಾಗ ಬೋರ್ ಹೇಳಿದ್ದೇ ನಿಜ ಆಯ್ತು. ಪಾದರಸ ಅಯಾನು ಆಗೋಕೆ ಸುಮಾರು 10.4 ವೋಲ್ಟ್ ಬೇಕು.

ಫ್ರಾಂಕ್ ಮತ್ತು ಹರ್ಟ್ಸ್ ಒಪ್ಪಿಕೊಂಡರು. 1925ನೇ ಸಾಲಿನ ನೊಬೆಲ್ ಅವರಿಗೆ ಸಿಕ್ಕಿತು. ಬೋರ್ ಸಿದ್ಧಾಂತದ ಮಹತ್ವ ಆಗ ತಮಗೆ ಹೊಳೆದಿರಲಿಲ್ಲ ಅಂತ ಫ್ರಾಂಕ್ ನೊಬೆಲ್ ಉಪನ್ಯಾಸದಲ್ಲೇ ಹೇಳಿದರು.

ಹಾಗಾದರೆ ಅವರ ಹೆಗ್ಗಳಿಕೆ ಏನು? 4.9 ಅನ್ನೋ ಅಂಕಿ. ಅದು ಇವತ್ತಿಗೂ ನಿಂತಿದೆ, ಬದಲಾಗಿದ್ದು ಅದರ ಅರ್ಥ ಮಾತ್ರ. ಮುಂದೆ ತಮ್ಮ ವಿರುದ್ಧವೇ ಸಾಕ್ಷಿ ಹೇಳುವಷ್ಟು ಶುದ್ಧವಾಗಿ ಅವರು ಅಳೆದಿದ್ದರು. ಪ್ರಾಮಾಣಿಕತೆ ಅಂದ್ರೆ ಯಾವಾಗಲೂ ಸರಿಯಾಗಿರೋದಲ್ಲ, ನಾಳೆ ಯಾರಾದರೂ ನಮ್ಮನ್ನ ತಿದ್ದೋಕೆ ಬೇಕಾದ ಲೆಕ್ಕವನ್ನ ಕೆಡಿಸದೆ ಇಡೋದು ಅಂತ ನನಗನ್ನಿಸುತ್ತೆ.

ಇದು ಪ್ರಯೋಗಾಲಯಕ್ಕಷ್ಟೇ ಸಂಬಂಧಪಟ್ಟ ಮಾತಲ್ಲ. ಸಾಫ್ಟ್‌ವೇರ್‌ನಲ್ಲಿ ಲಾಗ್ ಹೇಳೋದು ಇಷ್ಟು ಗಂಟೆಗೆ ಇಂಥ ಎರರ್ ಬಂತು ಅಂತ. 'ಇವನ ಕೋಡಿಂದಲೇ ಬಂತು' ಅನ್ನೋದು ನಾವು. ಹಳ್ಳಿ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಜಾಸ್ತಿ ಮುಳುಗಿದರೆ, 'ನೀರು ಹಾಕಿದ್ದೀಯ' ಅಂತ ಎಲ್ಲರೆದುರು ಅಂದುಬಿಡ್ತಾರೆ. ಆಗಷ್ಟೇ ಕರೆದ ಬಿಸಿ ಹಾಲಿನಲ್ಲೂ ಅದು ಜಾಸ್ತಿನೇ ಮುಳುಗುತ್ತೆ. ರೀಡಿಂಗ್ ಸುಳ್ಳಲ್ಲ, ಆದರೆ ಕಳ್ಳ ಅನ್ನೋ ಹೆಸರು ಒಂದ್ಸಲ ಅಂಟಿದರೆ ಆಮೇಲೆ ಹಾಲು ಎಷ್ಟು ಗಟ್ಟಿ ಇದ್ದರೂ ಹೋಗಲ್ಲ.

ರೀಡಿಂಗನ್ನ ಈಗಲೇ ಬರೆದಿಡಿ. ನೀರು ಅಂತ ಬರೆಯೋ ಮುಂಚೆ ಹಾಲು ಆರಲಿ.