ಖಡ್ಗಮೂಲ

ಋಷಿಮೂಲವನ್ನೂ ನದೀಮೂಲವನ್ನೂ ಅರಸಬಾರದೆಂದು ಲೋಕೋಕ್ತಿಯುಂಟು. ಹಳೆಯ ಆಯುಧಗಳನ್ನು ಸಂಗ್ರಹಿಸುವವರಿಗೆ ಈ ಮಾತು ಸಲ್ಲುವುದಿಲ್ಲ. ಮೂಲವನ್ನರಸುವುದೇ ಅವರ ವ್ಯಾಸಂಗ. ಆದರೆ ಎಲ್ಲಿಯವರೆಗೆ ಅರಸಿದರೆ ಒಂದು ಖಡ್ಗವನ್ನು ಅರಿತಂತಾಯಿತು? ಟಿಬೆಟ್ ದೇಶದ ಪ್ರಾಚೀನ ಖಡ್ಗಗಳು ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಮುಂದಿಡುತ್ತವೆ.

ಅಲ್ಲಿಯ ಖಡ್ಗದ ಅಲಗು ಸಾಮಾನ್ಯವಾಗಿ ನೆಟ್ಟಗಿದ್ದು, ಒಂದೇ ಬಾಯಿಯುಳ್ಳದ್ದು. ತುದಿಯು ಓರೆಯಾಗಿ ಕಡಿದಂತಿರುವುದು. ಕಮ್ಮಾರರು ಗಡುಸಾದ ಕಬ್ಬಿಣವನ್ನೂ ಮೆದುವಾದ ಕಬ್ಬಿಣವನ್ನೂ ಸೇರಿಸಿ, ಕಾಸಿ, ಬಡಿದು ಬೆಸೆಯುತ್ತಿದ್ದರು. ಆದುದರಿಂದ ಉತ್ತಮವಾದ ಅಲಗಿನ ಮೈಮೇಲೆ ಕಪ್ಪು ಬಿಳುಪಿನ ಗೆರೆಗಳು ಉದ್ದಕ್ಕೂ ಹರಿದು, ತುದಿಯ ಬಳಿ ಕೂದಲಿಗೆ ಸಿಕ್ಕಿಸುವ ಪಿನ್ನಿನಂತೆ ಬಾಗಿ ಹಿಂದಿರುಗುತ್ತವೆ. ಹವಳ, ಪಿರೋಜಾ ಕಲ್ಲುಗಳನ್ನು ಕೂಡಿಸಿದ ಬೆಳ್ಳಿಯ ಹಿಡಿಯು ಕಣ್ಣನ್ನು ಸೆಳೆದರೂ, ಹಿಡಿ ಒಂದು ಕಾಲದ್ದು, ಅಲಗು ಇನ್ನೊಂದು ಕಾಲದ್ದು ಆಗಿರುವುದುಂಟು. 2006ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು ಟಿಬೆಟ್ಟಿನ ಆಯುಧ ಕವಚಗಳನ್ನು ಪ್ರದರ್ಶಿಸಿದ ಮೇಲೆ ಈ ವಿಷಯದ ಜ್ಞಾನವು ಬೆಳೆದಿದೆ.

ಕಬ್ಬಿಣವು ಇಷ್ಟನ್ನು ಹೇಳುತ್ತದೆ. ಒಡೆಯನ ಕೈ ತಪ್ಪಿದ ಬಗೆಯನ್ನು ಮಾತ್ರ ಹೇಳುವುದಿಲ್ಲ. 1904ರ ಮಾರ್ಚ್ 31ರಂದು ಗುರು ಎಂಬ ಹಳ್ಳಿಯ ಬಳಿ ಯಂಗ್‌ಹಸ್ಬೆಂಡನೊಡನೆ ಬಂದ ಬ್ರಿಟಿಷ್ ದಂಡು ಟಿಬೆಟ್ಟಿನವರ ಆಯುಧಗಳನ್ನು ಕಸಿಯಲು ತೊಡಗಿತು, ಗುಂಡು ಹಾರಿತು, ಕತ್ತಿಯನ್ನೂ ಬತ್ತಿಕೋವಿಯನ್ನೂ ನಂಬಿದ್ದ ನೂರಾರು ಜನ ಮಡಿದರು. ವಿಹಾರಗಳಲ್ಲಿ ಧರ್ಮಪಾಲ ದೇವತೆಗಳಿಗೆ ಮೀಸಲಾದ ಗೊನ್‌ಖಾಂಗ್ ಎಂಬ ಗುಡಿಗಳುಂಟು. ಯೋಧರೂ ಬೇಟೆಗಾರರೂ ತಮ್ಮ ಆಯುಧಗಳನ್ನು ಅಲ್ಲಿ ಒಪ್ಪಿಸುತ್ತಿದ್ದರು. ಇನ್ನು ಕೊಲ್ಲೆನೆಂಬ ಸಂಕಲ್ಪದಿಂದ ಒಪ್ಪಿಸಿದವರೂ ಇದ್ದರು. 1966ರಿಂದ 1976ರವರೆಗೆ ನಡೆದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಅನೇಕ ವಿಹಾರಗಳು ಹಾಳಾಗಿ, ಅವುಗಳ ಸೊತ್ತು ಚೆದರಿತು. ಹೀಗೆ ಒಂದೇ ಗೋಡೆಯ ಮೇಲೆ ಮೂರು ಖಡ್ಗಗಳು ತೂಗುತ್ತಿರಬಹುದು: ಒಂದು ಹೆಣದ ಕೈಯಿಂದ ಕಿತ್ತದ್ದು; ಒಂದು 1959ರ ತರುವಾಯ ದೇಶಬಿಟ್ಟವನು ಹಸಿವಿಗಾಗಿ ಮಾರಿದ್ದು; ಒಂದು ದೇವರಿಗೆ ಸಲ್ಲಿಸಿದ ವ್ರತ. ಗೆರೆಗಳನ್ನಷ್ಟೆ ಎಣಿಸುವ ಕಣ್ಣಿಗೆ ಮೂರೂ ಒಂದೆ.

ಸಂಗ್ರಾಹಕನು ಕೊಳ್ಳದೆ ಹೋಗಿದ್ದರೆ ಖಡ್ಗವು ಕುಲುಮೆಯಲ್ಲಿ ಕರಗುತ್ತಿತ್ತಲ್ಲವೆ ಎಂದು ಕೇಳುವವರುಂಟು. ಈ ಮಾತಿನಲ್ಲಿ ನಿಜವಿದೆ. ಎಷ್ಟೋ ಅಲಗುಗಳು ಉಳಿದಿರುವುದು ಕೊಂಡವರ ಅಕ್ಕರೆಯಿಂದಲೇ. ಆದರೆ ಗುರುತಿಸುವ ವಿದ್ಯೆ ಬೆಳೆದಂತೆ ಬೆಲೆಯೂ ಬೆಳೆಯುತ್ತದೆ; ಬೆಲೆ ಬೆಳೆದಂತೆ ಗುಡಿಯ ಬೀಗ ಮುರಿಯುವವನಿಗೂ ಆಸೆ ಹುಟ್ಟುತ್ತದೆ. ವಿದ್ವಾಂಸನು ಹಚ್ಚಿದ ದೀಪದಲ್ಲಿ ಕಳ್ಳನೂ ದಾರಿ ಕಾಣುತ್ತಾನೆ. ಹಾಗೆಂದು ದೀಪವನ್ನು ಆರಿಸತಕ್ಕದ್ದಲ್ಲ. ಅದರ ಬೆಳಕನ್ನು ಖಡ್ಗವು ನಡೆದು ಬಂದ ಹಾದಿಯ ಮೇಲೂ ಚೆಲ್ಲತಕ್ಕದ್ದು. ಎಲ್ಲಿಂದ, ಯಾರಿಂದ, ಹೇಗೆ ಬಂತೆಂಬುದನ್ನು ಕೇಳಿ, ತಿಳಿದಷ್ಟನ್ನು ಮುಚ್ಚದೆ ಬರೆದಿಡಬೇಕು. ಉತ್ತರ ಕೊಡಲೊಲ್ಲದ ವರ್ತಕನಿಂದ ಕೊಳ್ಳಬಾರದು. ನ್ಯಾಯವಾದ ಹಕ್ಕುಳ್ಳವರು ಬಂದು ಕೇಳಿದರೆ ಕೊಡಲು ಸಿದ್ಧನಿರಬೇಕು. ಈ ಕೊನೆಯ ಮಾತು ಕಠಿನವಾದುದು. ಸಂಗ್ರಾಹಕನು ಒಡೆಯನೋ ಪಾಲಕನೋ ಎಂಬುದು ಗೊತ್ತಾಗುವುದು ಇಲ್ಲಿಯೇ.

ಟಿಬೆಟ್ಟಿನವರು ಪೂಜಿಸುವ ಮಂಜುಶ್ರೀಯ ಬಲಗೈಯಲ್ಲಿ ಅಜ್ಞಾನವನ್ನು ಕತ್ತರಿಸುವ ಖಡ್ಗವಿದೆ; ಎಡಗಡೆಯ ತಾವರೆಯ ಮೇಲೆ ಗ್ರಂಥವಿದೆ. ಗ್ರಂಥವನ್ನು ಬಿಟ್ಟು ಖಡ್ಗವನ್ನು ಮಾತ್ರ ಮನೆಗೊಯ್ದವನ ಅಜ್ಞಾನವನ್ನು ಯಾವ ಅಲಗು ಕತ್ತರಿಸೀತು?